ಮಂಡಕ್ಕಿಯ ಕಿವಿ, ಗೋಡಂಬಿಯ ಕುತ್ತಿಗೆ

ನಮಸ್ಕಾರ. ಈ ಬಿಳಿ ಮೊಲ ಮಂಡಕ್ಕಿ. ಆ ಕಡೆ ಬುಟ್ಟಿಯ ಹಿಂದೆ ಅಡಗಿರುವ ಕಂದು ಬಣ್ಣದವನು ಗೋಡಂಬಿ. ಇವತ್ತಿನ ವಿಡಿಯೊ ಅಷ್ಟೇನೂ ಚೆಂದ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಊಟ ಮಾಡುತ್ತಾ ನೋಡುತ್ತಿದ್ದರೆ ತಟ್ಟೆ ಖಾಲಿ ಮಾಡಿ ಬನ್ನಿ. ನುಸಿ, ಕಜ್ಜಿ, ನೊಣದ ಮೊಟ್ಟೆ ಎಲ್ಲಾ ಬರುತ್ತದೆ.

ಮೊದಲು ಕಿವಿ. ಮಂಡಕ್ಕಿ ಹೇಗೆ ತಲೆ ಕೊಡವುತ್ತಿದ್ದಾಳೆ ನೋಡಿ. ಒಂದು ಸಲ ಕೊಡವಿದರೆ ಏನೂ ಇಲ್ಲ. ಕೊಡವಿ, ಹಿಂಗಾಲಲ್ಲಿ ಕೆರೆದು, ಮತ್ತೆ ಕೊಡವಿ, ಆಮೇಲೆ ಒಂದೇ ಕಿವಿ ಜೋತು ಬಿಟ್ಟು ಕೂತರೆ ಟಾರ್ಚ್ ಹಿಡಿಯಲೇಬೇಕು. ಒಳಗೆ ಕಂಡಿದ್ದು ಇದು. ಕಂದು ಬಣ್ಣದ ಹಕ್ಕಳೆ, ಪದರದ ಮೇಲೆ ಪದರ, ಮುರಿದ ಹಪ್ಪಳದ ಚೂರುಗಳನ್ನು ಯಾರೋ ತುರುಕಿಟ್ಟ ಹಾಗೆ. ಹತ್ತಿರ ಹೋದರೆ ಕೆಟ್ಟ ವಾಸನೆ ಬೇರೆ. ಇದು ಸೊರಾಪ್ಟಿಸ್ ಅನ್ನುವ ಕಿವಿ ನುಸಿಯ ಕೆಲಸ.

ಹಕ್ಕಳೆ ಕಂಡರೆ ಕಿತ್ತು ತೆಗೆಯೋಣ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ಅದರ ಅಡಿಯಲ್ಲಿ ಚರ್ಮ ಹಸಿಯಾಗಿರುತ್ತದೆ, ಕಿತ್ತರೆ ರಕ್ತ ಬರುತ್ತದೆ, ಜೀವ ಹೋಗುವಷ್ಟು ನೋವು. ಡಾಕ್ಟರ್ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡುತ್ತಾರೆ, ಇಲ್ಲವೇ ಹೆಗಲ ಮೇಲೆ ಸೆಲಮೆಕ್ಟಿನ್ ಹನಿ ಹಾಕುತ್ತಾರೆ. ನುಸಿ ಸತ್ತ ಮೇಲೆ ಹಕ್ಕಳೆ ತಾನಾಗೇ ಉದುರುತ್ತದೆ. ಆದರೆ ಐವರ್‌ಮೆಕ್ಟಿನ್‌ಗೆ ಮೊಟ್ಟೆ ಸಾಯುವುದಿಲ್ಲ. ಅದಕ್ಕೇ ಎರಡು ವಾರದ ಆಸುಪಾಸಿನಲ್ಲಿ ಇನ್ನೊಂದು ಡೋಸ್ ಬರೆದುಕೊಡುವುದು. ಮೊದಲ ಡೋಸಿಗೇ ತುರಿಕೆ ನಿಲ್ಲುತ್ತದೆ, ಜನ ಎರಡನೆಯದಕ್ಕೆ ಹೋಗುವುದೇ ಇಲ್ಲ. ಆಮೇಲೆ 'ಆ ಔಷಧಿ ಸರಿ ಇಲ್ಲ' ಅಂತ ಬೈಯುತ್ತಾರೆ. ಜೊತೆಯಲ್ಲಿರುವ ಮೊಲಕ್ಕೂ ಔಷಧಿ ಆಗಬೇಕು. ಹಾಸಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು, ಯಾಕೆಂದರೆ ಈ ನುಸಿ ಮೊಲದ ಮೈ ಬಿಟ್ಟರೂ ವಾರಗಟ್ಟಲೆ ಬದುಕಬಲ್ಲದು.

ಪಕ್ಕದ ಮನೆ ಆಂಟಿ "ಎರಡು ಹನಿ ಬೇವಿನೆಣ್ಣೆ ಬಿಡಮ್ಮ, ಸರಿಹೋಗತ್ತೆ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ತಲೆ ಆಡಿಸಿ ಒಳಗೆ ಬಂದೆ. ಎಣ್ಣೆಗಿಂತ ನನಗೆ ಹೆದರಿಕೆ ಬೇರೆಯದು. ನಾಯಿ ಇರುವ ಮನೆಗಳಲ್ಲಿ ಚಿಗಟ, ಉಣ್ಣೆಗೆ ತಂದ ಔಷಧಿ ಮಿಕ್ಕಿರುತ್ತದೆ. ಡಬ್ಬಿಯ ಮೇಲೆ ಫಿಪ್ರೊನಿಲ್ ಅಂತ ಇದ್ದರೆ ಅದನ್ನು ಮೊಲದ ಹತ್ತಿರವೂ ತರಬೇಡಿ. ನಾಯಿಗೆ ಏನೂ ಆಗುವುದಿಲ್ಲ. ಮೊಲಕ್ಕೆ ಮೇವು ಬಿಟ್ಟುಹೋಗಿ, ಫಿಟ್ಸ್ ಬಂದು, ಪ್ರಾಣವೇ ಹೋಗಬಹುದು.

ಬೆನ್ನ ಮೇಲೆ, ಕತ್ತಿನ ಹಿಂದೆ ಬಿಳಿ ಹೊಟ್ಟು ಉದುರಿದರೆ ಕಪ್ಪು ಬಟ್ಟೆಯ ಮೇಲೆ ಬಾಚಿ ನೋಡಿ. ಹೊಟ್ಟು ಮೆಲ್ಲಗೆ ಓಡಾಡಿದರೆ ಅದು ಕೂದಲಿನ ನುಸಿ. ನಿಮ್ಮ ಮುಂಗೈ ಮೇಲೂ ಕೆಂಪು ಗುಳ್ಳೆ ಎದ್ದಿರಬಹುದು. ಮೂಗಿನ ತುದಿ, ತುಟಿ, ಉಗುರಿನ ಸುತ್ತ ದಪ್ಪ ಹಕ್ಕಳೆ ಕಟ್ಟಿದರೆ ಅದು ಕಜ್ಜಿ. ಎರಡಕ್ಕೂ ಡಾಕ್ಟರ ಹತ್ತಿರ ಸುಲಭದ ಮದ್ದಿದೆ. ಇವತ್ತು ಸಂಜೆ ಆಗದಿದ್ದರೆ ನಾಳೆ ಹೋಗಬಹುದು.

ಗೋಡಂಬಿಯ ಈ ಕ್ಲಿಪ್ ಹಳೆಯದು. ಹಿಂದಿನ ರಾತ್ರಿ ಚೆನ್ನಾಗಿಯೇ ಇದ್ದ. ಬೆಳಗ್ಗೆ ಎದ್ದು ನೋಡಿದರೆ ತಲೆ ಒಂದು ಪಕ್ಕಕ್ಕೆ ವಾಲಿದೆ, ಕಣ್ಣುಗುಡ್ಡೆ ಅತ್ತಿಂದಿತ್ತ ಓಡುತ್ತಿದೆ. ಏಳಲು ಹೋಗುತ್ತಾನೆ, ಉರುಳುತ್ತಾನೆ. ನೋಡಿದವರು ಲಕ್ವ ಅಂದರು, ದೃಷ್ಟಿ ಅಂದರು. ಮೊಲಕ್ಕೆ ಹೀಗಾಗಲು ಮುಖ್ಯವಾಗಿ ಎರಡು ಕಾರಣ. ಒಳಕಿವಿಯಲ್ಲಿ ಕೀವು, ಇಲ್ಲವೇ ಎನ್ಸೆಫಲಿಟೊಜೂನ್ ಕ್ಯುನಿಕ್ಯುಲಿ ಅನ್ನುವ ಬಲು ಸೂಕ್ಷ್ಮ ಪರಾವಲಂಬಿ. ಇದು ಉಚ್ಚೆಯ ಮೂಲಕ ಮೇವಿಗೆ, ನೀರಿಗೆ ಬೀಳುತ್ತದೆ. ತಾಯಿಯ ಹೊಟ್ಟೆಯಲ್ಲೇ ಮರಿಗೆ ದಾಟುವುದೂ ಉಂಟು. ಮೂತ್ರಪಿಂಡ, ಮಿದುಳು, ಕಣ್ಣು ಇದರ ಜಾಗಗಳು. ತಲೆ ವಾಲುವುದಷ್ಟೇ ಅಲ್ಲ. ಹಿಂಗಾಲು ಎಳೆಯುವುದು, ಕೂತಲ್ಲೇ ಉಚ್ಚೆ ಸೋರುವುದು, ಕಣ್ಣೊಳಗೆ ಬಿಳಿ ಗಡ್ಡೆ ಕಾಣುವುದು, ಇವೂ ಇದರದ್ದೇ ಗುರುತು ಇರಬಹುದು. ಎಷ್ಟೋ ಮೊಲಗಳು ಇದನ್ನು ಒಳಗಿಟ್ಟುಕೊಂಡೇ ಏನೂ ಆಗದೆ ಬದುಕುತ್ತವೆ. ಹಾಗಾಗಿ ರಕ್ತಪರೀಕ್ಷೆ ಪಾಸಿಟಿವ್ ಬಂದರೂ ಈಗಿನ ಕಾಯಿಲೆ ಅದರಿಂದಲೇ ಅಂತ ಖಡಾಖಂಡಿತವಾಗಿ ಹೇಳಲಾಗದು. ಡಾಕ್ಟರ್ ಕಿವಿಯನ್ನೂ ನೋಡಿ ತೀರ್ಮಾನಿಸುತ್ತಾರೆ.

ಔಷಧಿ ಫೆನ್‌ಬೆಂಡಜೋಲ್, ಸಾಮಾನ್ಯವಾಗಿ ದಿನಾ ಬಿಡದೆ 28 ದಿನ. ಡೋಸ್ ತೂಕದ ಮೇಲೆ ನಿಂತಿದೆ, ಡಾಕ್ಟರೇ ಹೇಳಬೇಕು. ಮನೆಯ ಕೆಲಸ ಅದಕ್ಕಿಂತ ಜಾಸ್ತಿ. ಎರಡೂ ಕಡೆ ಟವೆಲ್ ಸುತ್ತಿಟ್ಟು ಆನಿಸಿ ಕೂರಿಸಿದೆ, ಉರುಳಬಾರದಲ್ಲ. ನೀರಿನ ಬಾಟಲಿ ತೆಗೆದು ಅಗಲ ಬಟ್ಟಲು ಇಟ್ಟೆ. ಗರಿಕೆ, ಕೊತ್ತಂಬರಿ ಬಾಯಿಯ ಹತ್ತಿರ ಹಿಡಿದೆ. ನೆಲಕ್ಕೆ ತಾಗುವ ಕಣ್ಣು ಉಜ್ಜಿ ಗಾಯವಾಗದಂತೆ ಡಾಕ್ಟರ್ ಕೊಟ್ಟ ಡ್ರಾಪ್ಸ್ ಹಾಕಿದೆ. ಮೊದಲ ದಿನವೇ 'ಇದು ಬದುಕಲ್ಲ, ಸೂಜಿ ಚುಚ್ಚಿಸಿಬಿಡಿ' ಅನ್ನುವವರು ಸಿಗುತ್ತಾರೆ. ಮೊಲ ಮೇವು ತಿನ್ನುತ್ತಿದ್ದರೆ ಕಾಯಬೇಕು ಅನ್ನುವುದು ನನ್ನ ಅಭಿಪ್ರಾಯ. ಗೋಡಂಬಿಯ ತಲೆ ಈಗಲೂ ಒಂಚೂರು ಸೊಟ್ಟ. ಕ್ಯಾರೆಟ್ ಕದಿಯಲು ಅದೇನೂ ಅಡ್ಡಿಯಾಗಿಲ್ಲ.

ಮರಿಗಳಿದ್ದರೆ ಕಾಕ್ಸಿಡಿಯಾ ಅನ್ನುವ, ಬರಿಗಣ್ಣಿಗೆ ಕಾಣದ ಹೊಟ್ಟೆಯ ಪರಾವಲಂಬಿಯ ಬಗ್ಗೆ ತಿಳಿದಿರಿ. ಹಾಲು ಬಿಡುವ ಹೊತ್ತಿನ ಮರಿಗಳಿಗೆ, ಅದರಲ್ಲೂ ಮಳೆಗಾಲದ ತೇವದಲ್ಲಿ, ಇದು ಬೇಗ ಹರಡುತ್ತದೆ. ಹೊಟ್ಟೆ ಉಬ್ಬಿರುತ್ತದೆ, ಬೆನ್ನು ಮುಟ್ಟಿದರೆ ಬರೀ ಮೂಳೆ. ಹಿಕ್ಕೆ ನೀರಾಗುತ್ತದೆ. ಹಿಕ್ಕೆಯ ಜೊತೆ ಹೊರಬಂದ ಮೊಟ್ಟೆಗೆ ಸೋಂಕು ಹತ್ತಿಸುವ ಶಕ್ತಿ ಬರಲು ಹೊರಗೆ ಸುಮಾರು ಎರಡು ದಿನವಾದರೂ ಬೇಕು. ಅಷ್ಟರೊಳಗೆ ಗುಡಿಸಿದರೆ ಅರ್ಧ ಗೆದ್ದಂತೆ, ಹಾಗಾಗಿ ಟ್ರೇ ದಿನಾ ಸ್ವಚ್ಛ ಮಾಡಿ. ಫಿನಾಯಿಲ್‌ಗೆ ಇವು ಬಗ್ಗುವುದಿಲ್ಲ. ಕುದಿಯುವ ನೀರು, ಒಣ ಬಿಸಿಲು ಬೇಕು. ಹಿಕ್ಕೆಯಲ್ಲಿ ಬಿಳಿ ದಾರದಂಥ ಸಣ್ಣ ಹುಳ ಕಂಡರೆ ಗಾಬರಿ ಬೇಡ, ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಗಾಬರಿ ಪಡಲೇಬೇಕಾದದ್ದು ನೊಣಕ್ಕೆ. ಹಿಂಭಾಗ ಒದ್ದೆಯಾಗಿ, ಹಿಕ್ಕೆ ಮೆತ್ತಿಕೊಂಡ ಮೊಲದ ಮೇಲೆ ಹಸಿರು ನೊಣ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಮರಿಹುಳ ಹೊರಬಂದು ಜೀವಂತ ಚರ್ಮವನ್ನೇ ತಿನ್ನತೊಡಗುತ್ತದೆ. ದಪ್ಪ ಮೊಲ, ಮುದಿ ಮೊಲ ತನ್ನ ಹಿಂಭಾಗ ನೆಕ್ಕಿ ಸ್ವಚ್ಛ ಮಾಡಿಕೊಳ್ಳಲಾರದು. ಬೇಸಿಗೆ, ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಬಾಲ ಎತ್ತಿ ನೋಡಿ. ಹುಳ ಕಂಡರೆ ಸ್ನಾನ ಮಾಡಿಸುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ಟವೆಲಿನಲ್ಲಿ ಸುತ್ತಿಕೊಂಡು ಹೊರಡಿ. ಅರ್ಧ ದಿನ ಮೇವು ಮುಟ್ಟಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೂ ಅಷ್ಟೇ ಅವಸರ. ಕಾರಣ ಯಾವುದೇ ಇರಲಿ, ಮೊಲದ ಕರುಳು ನಿಂತರೆ ಸಮಯ ಜಾಸ್ತಿ ಸಿಗುವುದಿಲ್ಲ.

ಎಲ್ಲ ಕ್ಲಿನಿಕ್ಕುಗಳಲ್ಲೂ ಮೊಲ ನೋಡುವುದಿಲ್ಲ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೇರೆ ಊರಿನವರು ಈಗಲೇ ಫೋನ್ ಮಾಡಿ "ಡಾಕ್ಟ್ರೇ, ಮೊಲ ನೋಡ್ತೀರಾ?" ಅಂತ ಕೇಳಿಟ್ಟುಕೊಳ್ಳಿ. ಹೋಗುವಾಗ ಅವತ್ತಿನ ಹಿಕ್ಕೆ ಒಂದು ಡಬ್ಬಿಯಲ್ಲಿರಲಿ. ತಲೆ ವಾಲಿದ್ದು, ಕಿವಿ ಕೊಡವಿದ್ದು ಮೊಬೈಲಿನಲ್ಲಿರಲಿ, ಅಲ್ಲಿ ಹೋದ ಮೇಲೆ ಇವು ಹೆದರಿ ಕಲ್ಲಿನ ಹಾಗೆ ಕೂತುಬಿಡುತ್ತವೆ. ಖಾಲಿ ಹೊಟ್ಟೆಯಲ್ಲಿ ಒಯ್ಯಬೇಡಿ, ಬುಟ್ಟಿಗೆ ಒಂದು ಹಿಡಿ ಹುಲ್ಲು ಹಾಕಿ. ಜೊತೆಗಾರನನ್ನೂ ಕರೆದುಕೊಂಡು ಹೋಗಿ.