ಕಣ್ಣಾರೆ ಕಂಡೆ ಅಂದ ಸಾಕ್ಷಿ, ಕಬ್ಬಿನ ಪಾಳಿಯಲ್ಲಿದ್ದೆ ಅಂದ ಆರೋಪಿ

ನಮಸ್ಕಾರ. ಮುಧೋಳದಿಂದ ಒಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮಾತಲ್ಲೇ ಓದುತ್ತೇನೆ. "ಸರ್, ಕೊಲೆ ಕೇಸಿನ್ಯಾಗ ಒಬ್ಬ ಸಾಕ್ಷಿ ಕಣ್ಣಾರೆ ನೋಡೀನಿ ಅಂತಾನ. ಆರೋಪಿ, ಆ ರಾತ್ರಿ ನಾ ಫ್ಯಾಕ್ಟರಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಪಾಳಿ ಹಚ್ಚಿ ಕುಂತಿದ್ದೆ, ತೂಕದ ಚೀಟಿ ಐತಿ ಅಂತಾನ. ಕೋರ್ಟು ಯಾರ ಮಾತ ಕೇಳ್ತೈತ್ರಿ?"

ಎರಡು ದಿನ ಈ ಚೀಟಿ ನನ್ನ ತಲೆ ತಿಂದಿತು.

ಬೇಸಿಕ್ಸ್ ಬೇಗ ಮುಗಿಸೋಣ. ಘಟನೆ ನಡೆದಾಗ ನಾನು ಬೇರೆ ಕಡೆ ಇದ್ದೆ ಅನ್ನುವ ವಾದಕ್ಕೆ ಅಲಿಬಿ ಅಂತಾರೆ. ಲ್ಯಾಟಿನ್ ಪದ, ಅರ್ಥ "ಬೇರೆಡೆ". 1872ರ ಸಾಕ್ಷ್ಯ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇದಕ್ಕೊಂದು ಉದಾಹರಣೆ ಇತ್ತು: ಅಪರಾಧ ಕಲ್ಕತ್ತಾದಲ್ಲಿ, ಆರೋಪಿ ಲಾಹೋರಿನಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 9ನೇ ಸೆಕ್ಷನ್. ಊರುಗಳು ಈಗ ಚೆನ್ನೈ ಮತ್ತು ಲಡಾಖ್. ಲಾಹೋರ್ ನಮ್ಮ ಕೈಯಲ್ಲಿಲ್ಲ ಅಂತ ನೆನಪಾಗೋಕೆ 76 ವರ್ಷ ಹಿಡೀತು, ಇರಲಿ.

ಈ ಉದಾಹರಣೆ ಓದಿದರೆ ಅಲಿಬಿ ಬಹಳ ಸಲೀಸು ಅನ್ನಿಸುತ್ತೆ, ಅಲ್ವಾ? ಆದರೆ ನಮ್ಮ ಕಡೆ ಕೇಸುಗಳಲ್ಲಿ ಲಡಾಖ್‌ಗೆ ಯಾರು ಹೋಗಿರ್ತಾರೆ? ಕೊಲೆ ಜಮಖಂಡಿಯಲ್ಲಿ, ಆರೋಪಿ ಇದ್ದದ್ದು ಮುಧೋಳದಲ್ಲಿ. ಬೈಕ್ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಹೋಗಿ ಮುಟ್ಟಬಹುದು. ಬಿನಯ್ ಕುಮಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಹೇಳಿದೆ. ಸುಮ್ನೆ ಬೇರೆ ಊರಲ್ಲಿದ್ದೆ ಅಂದರೆ ಸಾಲದು. ಆ ಹೊತ್ತಿಗೆ ಇಲ್ಲಿಗೆ ಬರೋಕೆ ಸಾಧ್ಯವೇ ಇರಲಿಲ್ಲ ಅನ್ನುವಷ್ಟು ಗಟ್ಟಿ ಪುರಾವೆ ಬೇಕು. ಅದನ್ನು ತಂದಿಡಬೇಕಾದವನು ಆರೋಪಿಯೇ.

ಈಗ ಚೀಟಿಗೆ ಬರೋಣ.

[ಸ್ಕ್ರೀನ್ ಮೇಲೆ: ತೂಕದ ಚೀಟಿ, ಕ್ಯಾಮೆರಾ ಹತ್ತಿರಕ್ಕೆ]

ದಿನಾಂಕ ಇದೆ. ರೈತನ ಹೆಸರಿದೆ. ಗಾಡಿ ನಂಬರ್, ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಸಮಯ, ಎಲ್ಲಾ ಇದೆ. ಸ್ಟಿಯರಿಂಗ್ ಹಿಡಿದು ಕೂತವನು ಯಾರು? ಅದೊಂದೇ ಇಲ್ಲ! ಅಂದರೆ ಇದು ಟ್ರ್ಯಾಕ್ಟರಿನ ಅಲಿಬಿ. ಆರೋಪ ಟ್ರ್ಯಾಕ್ಟರ್ ಮೇಲಿದ್ದಿದ್ದರೆ ಅವತ್ತೇ ಬಿಡುಗಡೆ.

ಇನ್ನೊಂದು ತಮಾಷೆ ನೋಡಿ. ಕಾಟಾ ಮೇಲೆ ಗಾಡಿ ನಿಂತದ್ದು ಕೆಲವೇ ನಿಮಿಷ. ಪಾಳಿಯಲ್ಲಿ ಕಾದದ್ದು ಇಡೀ ರಾತ್ರಿ. ಆ ರಾತ್ರಿಯ ಬಗ್ಗೆ ಚೀಟಿ ಏನೂ ಹೇಳಲ್ಲ. ಹಿಂದಿನ ಗಾಡಿಯವನಿಗೆ "ಲೇ, ಪಾಳಿ ಸರಿದ್ರ ನಂದೂ ಒಂಚೂರು ಮುಂದ ತಗೋ" ಅಂತ ಹೇಳಿ ಊಟಕ್ಕೆ ಹೋಗೋದು ನಮಗೇನು ಹೊಸದಾ? ಮೊಬೈಲ್ ಟವರ್ ದಾಖಲೆಯೂ ಹೀಗೇ. ಫೋನ್ ಎಲ್ಲಿತ್ತು ಅಂತ ಹೇಳುತ್ತೆ, ಅದು ಯಾರ ಜೇಬಲ್ಲಿತ್ತು ಅಂತ ಹೇಳಲ್ಲ.

ಹಾಗಾದರೆ ಸಾಕ್ಷಿ ಗೆದ್ದನಾ? ತಡೀರಿ.

1970ರ ದಶಕದ ಆಸ್ಟ್ರೇಲಿಯಾ. ಡೊನಾಲ್ಡ್ ಥಾಮ್ಸನ್ ಅನ್ನುವ ಮನಶ್ಶಾಸ್ತ್ರಜ್ಞರನ್ನು ಪೊಲೀಸರು ಹಿಡಿದರು. ಅತ್ಯಾಚಾರದ ಆರೋಪ. ಸಂತ್ರಸ್ತೆ ಇವರ ಮುಖವನ್ನು ಖಚಿತವಾಗಿ ಗುರುತಿಸಿದ್ದರು. ಆದರೆ ಕೃತ್ಯ ನಡೆದ ಹೊತ್ತಿಗೆ ಥಾಮ್ಸನ್ ಟಿವಿಯಲ್ಲಿ ಲೈವ್ ಇದ್ದರು, ಪಕ್ಕದಲ್ಲಿ ಹಿರಿಯ ಪೊಲೀಸ್ ಅಧಿಕಾರಿ. ಮಾತಾಡುತ್ತಿದ್ದ ವಿಷಯ? ಕಣ್ಣಾರೆ ಕಂಡ ಸಾಕ್ಷಿಗಳ ನೆನಪು ಎಷ್ಟು ನಂಬಬಹುದು ಅನ್ನೋದು! ಕಥೆ ಕಟ್ಟಿದರೂ ಇಷ್ಟು ಚೆನ್ನಾಗಿ ಕಟ್ಟೋಕಾಗಲ್ಲ. ಆಗಿದ್ದೇನು ಅಂದರೆ, ದಾಳಿಗೆ ಸ್ವಲ್ಪ ಮೊದಲು ಆಕೆಯ ಮನೆಯ ಟಿವಿಯಲ್ಲಿ ಅದೇ ಕಾರ್ಯಕ್ರಮ ಬರುತ್ತಿತ್ತು. ಟಿವಿಯ ಮುಖ, ದಾಳಿ ಮಾಡಿದವನ ಮುಖ, ಎರಡೂ ನೆನಪಿನಲ್ಲಿ ಕಲಸಿಹೋದವು.

ಆಕೆ ಸುಳ್ಳು ಹೇಳಲಿಲ್ಲ. ನನ್ನನ್ನು ಕಾಡೋದು ಅದೇ. ಸುಳ್ಳು ಹೇಳುವವನನ್ನು ಪಾಟೀಸವಾಲಿನಲ್ಲಿ ಒಳ್ಳೆ ವಕೀಲರು ಅಲ್ಲಾಡಿಸಬಹುದು. ನಿಜ ಅಂತ ನಂಬಿ ತಪ್ಪು ಹೇಳುವವರನ್ನು ಹೇಗೆ ಅಲ್ಲಾಡಿಸ್ತೀರಿ? ಸಂತೆಯಲ್ಲಿ ಒಬ್ಬರನ್ನು ಕಂಡು "ಇವರನ್ನ ಎಲ್ಲೋ ನೋಡೀನಲ್ಲ" ಅಂತ ಒದ್ದಾಡ್ತೀವಿ. ಮನೆಗೆ ಬಂದ ಮೇಲೆ ಹೊಳೆಯುತ್ತೆ, ಓ, ದಿನಾ ನೋಡೋ ಬಸ್ ಕಂಡಕ್ಟರ್! ಸಂತೆಯಲ್ಲಿ ಇದು ಬರೀ ಫಜೀತಿ. ಕಟಕಟೆಯಲ್ಲಿ ಹೀಗಾದರೆ ಜೀವಾವಧಿ.

ನಮ್ಮ ಹಳ್ಳಿಯ ಕೇಸುಗಳಿಗೆ ಇದು ಪೂರ್ತಿ ಹೊಂದಲ್ಲ, ಒಪ್ಪುತ್ತೇನೆ. ಇಲ್ಲಿ ಸಾಕ್ಷಿಗೆ ಆರೋಪಿ ಗೊತ್ತು, ಅವನ ಅಪ್ಪನೂ ಗೊತ್ತು. ನಮ್ಮ ತೊಂದರೆ ಬೇರೆ. ಹೊಲದ ಬದುವಿನ ಜಗಳ, ಹೊಡೆದವರು ಮೂವರು, ದೂರಿನಲ್ಲಿ ಹೆಸರು ಹನ್ನೆರಡು. ಅಣ್ಣ ತಮ್ಮ ಮಾವ ಅಳಿಯ, ಎಲ್ಲರೂ ಒಳಗೆ. ಇಂಥ ಗುಂಪು ಕೇಸಿಗಾಗಿಯೇ 1964ರ ಮಸಾಲ್ತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆ ಕೊಟ್ಟಿತು: ಇಬ್ಬರು ಮೂವರಾದರೂ ಸಾಕ್ಷಿಗಳು ಒಬ್ಬನ ಬಗ್ಗೆ ಒಂದೇ ತೆರನಾಗಿ ಹೇಳಿದರೆ ನಂಬಿ. ಹಾಗಂತ ಒಬ್ಬನೇ ಸಾಕ್ಷಿ ಸಾಲದು ಅಂತಲ್ಲ. 1957ರ ವಡಿವೇಲು ತೇವರ್ ಕೇಸು ನೋಡಿ, ಪೂರ್ತಿ ನಂಬುವಂತಿದ್ದರೆ ಒಬ್ಬನ ಮಾತೇ ಸಾಕು.

ಟೈಮ್ ಆಗ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡ್ತೀನಿ. ಅಲಿಬಿ ಬಿದ್ದುಹೋಯಿತು ಅಂದ ಮಾತ್ರಕ್ಕೆ ಆರೋಪಿ ತಪ್ಪಿತಸ್ಥ ಆಗಲ್ಲ. ಕೊಲೆ ಮಾಡಿದ್ದು ಇವನೇ ಅಂತ ಸರ್ಕಾರಿ ವಕೀಲರು ತಮ್ಮ ಸಾಕ್ಷಿಗಳಿಂದಲೇ ತೋರಿಸಬೇಕು. ಆರೋಪಿ ಪರ ಸಾಕ್ಷಿ ಅಂದಕೂಡಲೇ ಮೂಗು ಮುರಿಯೋ ಹಾಗಿಲ್ಲ, ಎರಡೂ ಕಡೆಯವರನ್ನು ಸಮನಾಗಿ ನೋಡಬೇಕು ಅಂತ 1981ರ ದೂಧ್‌ನಾಥ್ ಪಾಂಡೆ ತೀರ್ಪು ಹೇಳುತ್ತೆ. ಮತ್ತೆ ವರ್ಷಗಟ್ಟಲೆ ಸುಮ್ಮನಿದ್ದು, ವಿಚಾರಣೆಯ ಕೊನೆಗೆ "ನಾನಲ್ಲಿರಲೇ ಇಲ್ಲ" ಅಂದರೆ ಯಾವ ನ್ಯಾಯಾಧೀಶರಿಗೂ ಅನುಮಾನ ಬಂದೇ ಬರುತ್ತೆ.

ಹಾಗಾಗಿ ಮುಧೋಳದ ಅಣ್ಣಾ, ಆ ಆರೋಪಿ ನಿಜವಾಗಲೂ ಪಾಳಿಯಲ್ಲಿದ್ದರೆ ಚೀಟಿಯ ಜೊತೆ ಹಿಂದಿನ ಗಾಡಿಯವನನ್ನೂ ಹುಡುಕಲಿ. ಮುಂದಿನ ಚೀಟಿ ಅವನದೇ ಇರುತ್ತೆ, ಗಾಡಿ ನಂಬರ್ ಫ್ಯಾಕ್ಟರಿ ಲೆಕ್ಕದಲ್ಲಿ ಸಿಗುತ್ತೆ. ಗೇಟಿನ ಸಿಸಿಟಿವಿ ರೆಕಾರ್ಡಿಂಗ್ ತೆಗೆದಿಡಲು ವಕೀಲರ ಮೂಲಕ ಬೇಗ ಅರ್ಜಿ ಹಾಕಿಸಿ. ಹಳೆಯದರ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತೆ. ಹಂಗಾಮು ಮುಗಿಯೋವರೆಗೂ ಅದು ಕಾಯಲ್ಲ.