ಬೇಟೆ ಮುಗಿದ ಸಂಜೆ: ವಿಸ್ಕಾನ್ಸಿನ್ ಕಾಡಿನ ಒಂಬತ್ತು ದಿನ

[ದೃಶ್ಯ: ಹಿಮ ಬಿದ್ದ ಕಾಡು. ಮರಗಳ ನಡುವೆ ಎತ್ತರದಲ್ಲಿ ಹಲಗೆಯ ಪುಟ್ಟ ಗೂಡು. ಗಾಳಿಯ ಸದ್ದು ಮಾತ್ರ.]

2025ರ ನವೆಂಬರ್ 30, ಭಾನುವಾರ. ಸಂಜೆ ನಾಲ್ಕೂವರೆ ದಾಟಿದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದಲ್ಲಿ, ಹೇವರ್ಡ್ ಅನ್ನೋ ಊರಿನ ಹತ್ತಿರದ ಕಾಡಿನಲ್ಲಿ, ಇಂಥದ್ದೇ ಒಂದು ಗೂಡಿನೊಳಗೆ ನಾನು ಮುದುಡಿ ಕೂತಿದ್ದೇನೆ. ಪಕ್ಕದಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನ ಅಪ್ಪ. ಅವರಿಗೆ 74 ವರ್ಷ. ಹೆಸರು ಹಿಡಿದೇ ಕರಿ ಅಂತ ಅವರು ಎಷ್ಟು ಸಲ ಹೇಳಿದರೂ ನನಗೆ ಬಾಯಿ ಬರಲಿಲ್ಲ. ಹಾಗಾಗಿ ಈ ವಿಡಿಯೋದಲ್ಲೂ ಅವರನ್ನು ಅಜ್ಜ ಅಂತಲೇ ಕರೆಯುತ್ತೇನೆ.

ಅಜ್ಜ ವಾಚ್ ನೋಡಿದರು. ಸೂರ್ಯ ಮುಳುಗಿ 20 ನಿಮಿಷ ಆದ ಮೇಲೆ ಗುಂಡು ಹೊಡೆಯುವ ಹಾಗಿಲ್ಲ, ಅದು ಇಲ್ಲಿನ ಕಾನೂನು. ಅವರು ರೈಫಲ್‌ನ ಬೋಲ್ಟ್ ಎಳೆದರು. ಒಂದೊಂದೇ ತೋಟಾ ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡರು. ಒಂಬತ್ತು ದಿನದಲ್ಲಿ ಅವರು ಒಂದು ಗುಂಡೂ ಹೊಡೆದಿರಲಿಲ್ಲ. ಆದರೂ ಕೆಳಗೆ ಇಳಿಯಲಿಲ್ಲ. ಸುಮ್ನೆ ಕತ್ತಲನ್ನು ನೋಡುತ್ತಾ ಕೂತರು.

"ಜಿಂಕೆ ಸಿಗಲಿಲ್ಲ ಅಂತ ಬೇಜಾರಾ?" ಅಂತ ಕೇಳಿದೆ.

"ಇಲ್ಲ. ಮುಗೀತಲ್ಲ ಅಂತ."

[ದೃಶ್ಯ: ನಿರೂಪಕ ಕ್ಯಾಮೆರಾ ಎದುರು.]

ನಮಸ್ಕಾರ. ಇವತ್ತಿನ ವಿಡಿಯೋ ಪೂರ್ತಿ ಆ ಒಂದು ಮಾತಿನ ಬಗ್ಗೆ. ಜಿಂಕೆ ಸಿಗದಿದ್ದರೂ ಬೇಜಾರಿಲ್ಲ, ಸೀಸನ್ ಮುಗಿದರೆ ಬೇಜಾರು. ಹಾಗಾದರೆ ಇವರಿಗೆ ಬೇಟೆ ಅಂದರೆ ಏನು?

ನಾನು ತೀರ್ಥಹಳ್ಳಿ ಕಡೆಯವನು. ಈಗ ಇದೇ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ಕೆಲಸ. ಬಂದೂಕು ಮುಟ್ಟಿದವನಲ್ಲ. ಆದರೆ ಬೇಟೆಯ ಕತೆ ಕೇಳಿ ಬೆಳೆದವನು. ಹಾಗಾಗಿ ಈ ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು.

ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಬಾಣದ ಬೇಟೆ ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದೆ. ಡಿಸೆಂಬರ್‌ನಲ್ಲೂ ಒಂದೆರಡು ಸಣ್ಣ ಅವಕಾಶ ಇದೆ. ಆದರೆ ಜನರ ಬಾಯಲ್ಲಿ ಸೀಸನ್ ಅಂದರೆ ಬಂದೂಕಿನ ಆ ಒಂಬತ್ತು ದಿನ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು, ಹಬ್ಬ ಕಳೆದ ಭಾನುವಾರ ಮುಕ್ತಾಯ. ಈಚಿನ ವರ್ಷಗಳಲ್ಲಿ ಸುಮಾರು ಐದೂವರೆ ಲಕ್ಷ ಜನ ಇದಕ್ಕೆ ಲೈಸೆನ್ಸ್ ತಗೊಳ್ತಾರೆ. ಹೆಚ್ಚುಕಡಿಮೆ ಇಡೀ ಮಂಗಳೂರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಕಾಡಿಗೆ ಹೊರಟ ಹಾಗೆ! ಆ ಬಣ್ಣ ಶೋಕಿಗಲ್ಲ. ಒಬ್ಬರ ಗುಂಡು ಇನ್ನೊಬ್ಬರಿಗೆ ತಗುಲಬಾರದು ಅಂತ 1980ರಿಂದ ಇಲ್ಲಿ ಅದು ಕಡ್ಡಾಯ. 2016ರಲ್ಲಿ ಕಣ್ಣು ಕುಕ್ಕುವ ಗುಲಾಬಿಗೂ ಒಪ್ಪಿಗೆ ಸಿಕ್ಕಿತು.

ಆ ವಾರ ನಮ್ಮ ಆಫೀಸಿನಲ್ಲಿ ಅರ್ಧ ಕುರ್ಚಿ ಖಾಲಿ. ಉತ್ತರದ ಕೆಲವು ಶಾಲೆಗಳಿಗೂ ರಜೆ. ಎಲ್ಲಿ ಹೋದರು ಅಂದರೆ ಒಂದೇ ಉತ್ತರ: ಡೀರ್ ಕ್ಯಾಂಪ್.

[ದೃಶ್ಯ: ಮರದ ದಿಮ್ಮಿಯ ಹಳೇ ಮನೆ. ಒಳಗೆ ಸೌದೆ ಒಲೆ, ಮೇಲೆ ಒಣಗಲು ಹಾಕಿದ ಸಾಕ್ಸ್.]

ಡೀರ್ ಕ್ಯಾಂಪ್ ಅಂದರೆ ಕಾಡಿನ ಅಂಚಿನ ಒಂದು ಸಣ್ಣ ಮನೆ. ವರ್ಷಕ್ಕೆ ಹತ್ತು ಹದಿನೈದು ದಿನ ಮಾತ್ರ ಬಾಗಿಲು ತೆಗೆಯುತ್ತದೆ. ಅಜ್ಜನ ಕ್ಯಾಂಪ್ ಕಟ್ಟಿದ್ದು ಅವರ ಅಪ್ಪ. ಒಂದೇ ಕೋಣೆ, ಗೋಡೆಗೆ ಹೊಡೆದ ಎರಡಂತಸ್ತಿನ ಮಂಚಗಳು, ಇಸ್ಪೀಟ್ ಆಡಲು ಒಂದು ಮೇಜು. ನಸುಕಿನ ನಾಲ್ಕೂವರೆಗೆ ಯಾರೋ ಒಬ್ಬರು ಎದ್ದು ಕಾಫಿ ಕುದಿಸುತ್ತಾರೆ. ಬೆಳಕು ಹರಿಯುವ ಮೊದಲೇ ಎಲ್ಲರೂ ತಮ್ಮ ತಮ್ಮ ಗೂಡು ಸೇರಿರಬೇಕು. ಈ ಗೂಡಿಗೆ ಇವರು ಸ್ಟ್ಯಾಂಡ್ ಅಂತಾರೆ. ನಮ್ಮ ಮಲೆನಾಡಿನಲ್ಲಿ ಇದಕ್ಕೆ ಒಳ್ಳೆ ಮಾತಿತ್ತು ಅಲ್ವಾ, ಮರಸು ಕೂರೋದು! ಮರದ ಮೇಲೆ ಉಸಿರು ಬಿಗಿಹಿಡಿದು ಕಾಯೋದು. ಕೆಲವರು ಸಾಲಾಗಿ ನಡೆದು ಜಿಂಕೆ ಎಬ್ಬಿಸಿ, ಉಳಿದವರು ಮುಂದೆ ಕಾದು ನಿಲ್ಲುವುದೂ ಇಲ್ಲಿದೆ. ನಮ್ಮವರು ಕಾಡು ಸೋವುವುದು ಅಂತಿದ್ದರಲ್ಲ, ಅದೇ.

ಮೊದಲ ದಿನ ನನಗೆ ಚಳಿಯ ಹೊರತು ಬೇರೇನೂ ಗೊತ್ತಾಗಲಿಲ್ಲ. ಕಾಲ್ಬೆರಳು ಇವೆಯೋ ಇಲ್ಲವೋ ಅನ್ನಿಸುತ್ತಿತ್ತು. ಎರಡನೇ ದಿನ ಕಿವಿ ತೆರೆಯಿತು. ಅಳಿಲು ಒಣ ಎಲೆ ಮೇಲೆ ಓಡಿದರೆ ಎಷ್ಟು ದೊಡ್ಡ ಸದ್ದು ಅಂತೀರಾ! ಜಿಂಕೆ ಬಂದರೆ ಅಷ್ಟು ಸದ್ದಿಲ್ಲ. ಒಂದು ಹೆಜ್ಜೆ, ನಿಲ್ಲುತ್ತದೆ. ಇನ್ನೊಂದು ಹೆಜ್ಜೆ. ಒಂದು ಹೆಣ್ಣು ಜಿಂಕೆ, ಹಿಂದೆ ಆ ವರ್ಷದ ಮರಿ, ನಮ್ಮ ಗೂಡಿನ ಕೆಳಗೇ ಬಂದವು. ಅಜ್ಜನ ಹತ್ತಿರ ಇದ್ದದ್ದು ಗಂಡು ಜಿಂಕೆಯ ಟ್ಯಾಗ್, ಅಂದರೆ ಅದನ್ನು ಹೊಡೆಯುವ ಪರವಾನಗಿ ಚೀಟಿ, ಮಾತ್ರ. ಬಂದೂಕು ಮಡಿಲಲ್ಲೇ ಇತ್ತು. ಅವರ ಮುಖ ನೋಡಿದೆ. 60 ವರ್ಷ ಇದನ್ನೇ ನೋಡಿದವರು, ಆದರೂ ಬಾಯಿ ತುಸು ತೆರೆದಿತ್ತು, ಮಗುವಿನ ಹಾಗೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಈಚಿನ ವರ್ಷಗಳಲ್ಲಿ ಈ ಒಂಬತ್ತು ದಿನದಲ್ಲಿ ಬೀಳುವ ಜಿಂಕೆ ಸುಮಾರು 1.7 ಲಕ್ಷದಿಂದ 2 ಲಕ್ಷ. ಹೋದವರು ಐದೂವರೆ ಲಕ್ಷ. ಕೆಲವರಿಗೆ ಎರಡು ಮೂರು ಸಿಗುತ್ತವೆ. ಅಂದರೆ ಬಹುಪಾಲು ಜನ ಬರಿಗೈಯಲ್ಲೇ ವಾಪಸ್. ಮುಂದಿನ ವರ್ಷ ಮತ್ತೆ ಹಾಜರ್. ಮಾಂಸಕ್ಕಾಗಿ ಮಾತ್ರ ಆಗಿದ್ದರೆ ಅಂಗಡಿಗೆ ಹೋಗೋದು ಎಷ್ಟೋ ಅಗ್ಗ.

[ದೃಶ್ಯ: ಹಳೆಯ ಕಪ್ಪು ಬಿಳುಪು ಚಿತ್ರ. ಮರದ ಕಂಬಕ್ಕೆ ಸಾಲಾಗಿ ನೇತುಹಾಕಿದ ಜಿಂಕೆಗಳು.]

ಈಗ ಒಂಬತ್ತೇ ದಿನ ಯಾಕೆ? ನನ್ನ ಪ್ರಕಾರ ಈ ಬೇಟೆಯ ಜೀವ ಇರೋದೇ ಆ ಮಿತಿಯಲ್ಲಿ.

19ನೇ ಶತಮಾನದ ಕೊನೆಯಲ್ಲಿ ಇಲ್ಲಿ ಜಿಂಕೆ ಬೇಟೆ ದೊಡ್ಡ ವ್ಯಾಪಾರ. ಕಾಡು ಕಡಿಯುವವರ ಊಟಕ್ಕೆ, ನಗರದ ಹೋಟೆಲ್‌ಗಳಿಗೆ ರೈಲಿನಲ್ಲಿ ಮಾಂಸ ಹೋಗುತ್ತಿತ್ತು. ಹಗಲು ರಾತ್ರಿ, ಗಂಡು ಹೆಣ್ಣು ಅನ್ನೋ ಲೆಕ್ಕ ಇಲ್ಲ. 1900ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಉಳಿದದ್ದು 5 ಲಕ್ಷ ಅಥವಾ ಅದಕ್ಕೂ ಕಡಿಮೆ ಅಂತ ಅಂದಾಜು. ಇಂದು ಸುಮಾರು 3 ಕೋಟಿ ಇವೆ. ಈ ಬದಲಾವಣೆ ತನ್ನಷ್ಟಕ್ಕೆ ಆದದ್ದಲ್ಲ.

ವಿಸ್ಕಾನ್ಸಿನ್ 1897ರಲ್ಲಿ ಲೈಸೆನ್ಸ್ ತಂದಿತು. 1915ರಲ್ಲಿ, ಒಬ್ಬರಿಗೆ ಒಂದೇ, ಅದೂ ಗಂಡು ಜಿಂಕೆ ಮಾತ್ರ ಅಂತ ನಿಯಮ ಬಂತು. ಅದೂ ಸಾಲಲಿಲ್ಲ. 1925ರಿಂದ 1935ರವರೆಗೆ ವರ್ಷ ಬಿಟ್ಟು ವರ್ಷ ಬೇಟೆಯನ್ನೇ ಮುಚ್ಚಿದರು. ಒಂದು ನವೆಂಬರ್ ಹೋಗಬಹುದು, ಮುಂದಿನ ನವೆಂಬರ್ ಮನೆಯಲ್ಲಿ ಕೂರಬೇಕು! 1937ರಲ್ಲಿ ಅಮೆರಿಕದ ಸಂಸತ್ತು ಬೇಟೆಯ ಬಂದೂಕು, ಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೇ ಮೀಸಲಿಟ್ಟಿತು. ಇವತ್ತೂ ಅದು ಶೇ. 11. ಅಂದರೆ ಅಜ್ಜ ಕೊಳ್ಳುವ ಒಂದೊಂದು ತೋಟಾ ಡಬ್ಬಿಯಿಂದಲೂ ಆ ಕೆಲಸಕ್ಕೆ ದುಡ್ಡು ಹೋಗುತ್ತದೆ.

ಆಮೇಲೆ ಉಲ್ಟಾ ತೊಂದರೆ ಶುರುವಾಯಿತು. ತೋಳಗಳನ್ನು ಕೊಂದು ಮುಗಿಸುತ್ತಾ ಬಂದಿದ್ದರು. ಜಿಂಕೆ ವಿಪರೀತ ಹೆಚ್ಚಿದವು. ಚಳಿಗಾಲದಲ್ಲಿ ಮೇವಿಲ್ಲದೆ ಗುಂಪು ಗುಂಪಾಗಿ ಸಾಯತೊಡಗಿದವು. ಹೆಣ್ಣು ಜಿಂಕೆಗಳನ್ನೂ ಹೊಡೆಯದಿದ್ದರೆ ಕಾಡೂ ಉಳಿಯಲ್ಲ, ಜಿಂಕೆಯೂ ಉಳಿಯಲ್ಲ ಅಂತ ಹೇಳಿದವರು ಮ್ಯಾಡಿಸನ್‌ನ ಪ್ರೊಫೆಸರ್ ಆಲ್ಡೋ ಲಿಯೋಪೋಲ್ಡ್. ಸ್ವತಃ ಬೇಟೆಗಾರರು, ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರು. 1943ರಲ್ಲಿ ಕೊಂಬಿಲ್ಲದ ಜಿಂಕೆಗಳ ಬೇಟೆಗೂ ಅವಕಾಶ ಕೊಟ್ಟಾಗ ಬೇಟೆಗಾರರೇ ಸಿಟ್ಟಿಗೆದ್ದರು. ಹೆಣ್ಣನ್ನು ಹೊಡೆಯುವುದು ಪಾಪ ಅಂತ ಒಂದು ತಲೆಮಾರು ನಂಬಿ ಬೆಳೆದಿತ್ತು. ಅಜ್ಜನ ಅಪ್ಪನೂ ಆ ಸಿಟ್ಟಿನವರಲ್ಲಿ ಒಬ್ಬರಂತೆ. ಲಿಯೋಪೋಲ್ಡ್ ಸರಿಯಾಗಿದ್ದರು ಅಂತ ಒಪ್ಪಲು ಅವರಿಗೆ ಇಪ್ಪತ್ತು ವರ್ಷ ಬೇಕಾಯಿತು ಅಂತ ಅಜ್ಜ ಹೇಳಿದರು.

ಈಗ ತೋಳಗಳು ಉತ್ತರದ ಕಾಡಿಗೆ ಮರಳಿವೆ. ಆದರೂ ರಾಜ್ಯದಲ್ಲಿ ಜಿಂಕೆಗಳು 16 ಲಕ್ಷಕ್ಕಿಂತ ಜಾಸ್ತಿ ಅಂತ ಅಂದಾಜು. ದಕ್ಷಿಣದ ಹೊಲಗಳ ಕಡೆ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

[ದೃಶ್ಯ: ಹಿಮದ ಮೇಲೆ ಜಿಂಕೆಯ ಗೊರಸಿನ ಗುರುತು. ನಿಧಾನಕ್ಕೆ ಕ್ಯಾಮೆರಾ ಅದನ್ನೇ ಹಿಂಬಾಲಿಸುತ್ತದೆ.]

ಕೊಲ್ಲುವುದರ ಬಗ್ಗೆ ಮಾತಾಡದೆ ದಾಟಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ.

ಶುಕ್ರವಾರ ಅಜ್ಜನ ಮೊಮ್ಮಗಳು ಒಂದು ಗಂಡು ಜಿಂಕೆ ಹೊಡೆದಳು. ಕಾಲೇಜು ಹುಡುಗಿ, ಅದು ಅವಳ ಮೊದಲ ಜಿಂಕೆ. ಹೊಡೆಯುವ ಮುನ್ನ ಕೈ ಎಷ್ಟು ನಡುಗಿತು ಅಂದರೆ ಎರಡು ಸಲ ಬಂದೂಕು ಕೆಳಗಿಳಿಸಿದ್ದಳಂತೆ. ಈ ನಡುಕಕ್ಕೆ ಇವರು ಬಕ್ ಫೀವರ್ ಅಂತಾರೆ. ಜಿಂಕೆ ಗುಂಡು ತಗುಲಿ ಓಡಿತು. ಎಲ್ಲರೂ ಅರ್ಧ ಗಂಟೆ ಕಾದರು. ಕೂಡಲೇ ಬೆನ್ನು ಹತ್ತಿದರೆ ಅದು ನೋವಿನಲ್ಲೇ ಮತ್ತೂ ದೂರ ಓಡುತ್ತದೆ. ಆಮೇಲೆ ಹಿಮದ ಮೇಲಿನ ರಕ್ತದ ಹನಿ ನೋಡಿಕೊಂಡು ಹೊರಟೆವು. ಯಾರೂ ಮಾತಾಡಲಿಲ್ಲ. ಜಿಂಕೆ ಸಿಕ್ಕಾಗ ಹುಡುಗಿ ಮಂಡಿಯೂರಿ ಅದರ ಕುತ್ತಿಗೆ ಮೇಲೆ ಕೈ ಇಟ್ಟಳು. ಅತ್ತಳು. ನಗುತ್ತಲೂ ಇದ್ದಳು. ಅಜ್ಜ ಅವಳ ಬೆನ್ನು ತಟ್ಟಿ, "ಅಳು ಬರದ ದಿನ ಬೇಟೆ ಬಿಟ್ಟುಬಿಡು" ಅಂದರು. ಆಮೇಲೆ ಚಾಕು ಕೊಟ್ಟರು. ಹೊಟ್ಟೆ ಸೀಳಿ ಕರುಳು ತೆಗೆಯುವ ಕೆಲಸ ಅವಳೇ ಮಾಡಬೇಕು. ಬಿಸಿ ಹಬೆ ಎದ್ದಿತು. ನಾನು ನೋಡಲಾರದೆ ಮುಖ ತಿರುಗಿಸಿದೆ.

ನನಗೆ ಇದು ಪೂರ್ತಿ ಒಪ್ಪಿಗೆಯಾ? ಇಲ್ಲ. ಕೊಂಬಿನ ಅಳತೆಗೋಸ್ಕರ ಮಾತ್ರ ಬೇಟೆಯಾಡುವವರು ಇಲ್ಲೂ ಇದ್ದಾರೆ. ಗಾಯಗೊಂಡ ಜಿಂಕೆಯನ್ನು ಹುಡುಕದೆ ಬಿಡುವವರೂ ಇದ್ದಾರೆ. ಅವರ ಬಗ್ಗೆ ಅಜ್ಜನಿಗೆ ನನಗಿಂತ ಜಾಸ್ತಿ ಸಿಟ್ಟಿದೆ. ಆದರೆ ಅಂಗಡಿಯ ಚಿಕನ್ ತಿನ್ನುವ ನಾನು ಆ ಹುಡುಗಿಗಿಂತ ಮೇಲು ಅಂತ ಹೇಳಲಾರೆ. ತನ್ನ ಊಟ ಹೇಗೆ ಸತ್ತಿತು ಅಂತ ಅವಳಿಗೆ ಗೊತ್ತು.

ಇದೇ ಕಾಡಿನಲ್ಲಿ ಒಜಿಬ್ವೆ ಅನ್ನೋ ಮೂಲನಿವಾಸಿ ಜನರು ಈ ರಾಜ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಜಿಂಕೆ ಬೇಟೆಯಾಡುತ್ತಾ ಬಂದವರು. ಅವರ ಮಾತಿನಲ್ಲಿ ಜಿಂಕೆಗೆ ವಾವಾಶ್ಕೇಶಿ ಅಂತ ಹೆಸರು. ಅಮೆರಿಕ ಸರ್ಕಾರದ ಜೊತೆಗಿನ 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟರೂ ಬೇಟೆಯ ಹಕ್ಕು ಉಳಿಸಿಕೊಂಡರು. ರಾಜ್ಯ ಅದನ್ನು ಒಪ್ಪಲಿಲ್ಲ. 1983ರಲ್ಲಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅವರಿಗೆ ಸೀಸನ್ ಬೇರೆ, ನಿಯಮ ಬೇರೆ. ನೆಲಕ್ಕೆ ಒಂದು ಚಿಟಿಕೆ ಹೊಗೆಸೊಪ್ಪು ಅರ್ಪಿಸಿ ಕೃತಜ್ಞತೆ ಹೇಳುವುದು ಅವರ ಪದ್ಧತಿ.

[ದೃಶ್ಯ: ಕೊಡಗಿನ ಮನೆಯ ದೇವರಕೋಣೆ, ಹೂವಿಟ್ಟ ಕೋವಿ.]

ನಮ್ಮಲ್ಲಿ ಕೊಡಗಿನ ಕೈಲ್‌ಪೊಳ್ದ್ ನೆನಪಾಗುತ್ತದೆ. ಸೆಪ್ಟೆಂಬರ್ ಶುರುವಿನಲ್ಲಿ, ನಾಟಿ ಮುಗಿದ ಮೇಲೆ, ಕೋವಿಗೆ ತೋಕ್‌ಪೂ ಅನ್ನೋ ಹೂ ಇಟ್ಟು ಪೂಜೆ. ಹಿಂದೆ ಅದು ಬೇಟೆಗೆ ಹೊರಡುವ ಹಬ್ಬವೂ ಹೌದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಈಗ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ನಮ್ಮ ಕಾಡಿಗೆ ಆ ಕಾಯ್ದೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ನನ್ನ ಅಜ್ಜ ಕೊನೆಯವರೆಗೂ ಮರಸಿನ ಕತೆ ಹೇಳುತ್ತಿದ್ದರು. ಹೊಡೆದ ಪ್ರಾಣಿಯ ಕತೆ ಕಡಿಮೆ. ಜೊತೆಗಿದ್ದವರು ಯಾರು, ಈಡು ತಪ್ಪಿದ್ದು ಯಾರದು, ಪಾಲು ಹಂಚುವಾಗ ನಡೆದ ಜಗಳ, ಇವೇ ಜಾಸ್ತಿ. ಆಗ ನನಗೆ ಅರ್ಥ ಆಗುತ್ತಿರಲಿಲ್ಲ.

[ದೃಶ್ಯ: ಕ್ಯಾಂಪಿನ ಒಳಗೆ, ಲಾಟೀನು ಬೆಳಕು.]

ಭಾನುವಾರ ಸಂಜೆಗೆ ವಾಪಸ್ ಬರೋಣ. ಗೂಡಿನಿಂದ ಇಳಿದು ಕ್ಯಾಂಪಿಗೆ ಬಂದೆವು. ಹುಡುಗಿಯ ಜಿಂಕೆಯ ಮಾಂಸ ಆಗಲೇ ನಾಲ್ಕು ಪಾಲಾಗಿತ್ತು. ತಲೆಯನ್ನು ಚೀಲದಲ್ಲಿ ಕಟ್ಟಿಟ್ಟಿದ್ದರು. ಅದನ್ನು ಪರೀಕ್ಷೆಗೆ ಕೊಡಬೇಕು. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನೋ ಮಿದುಳಿನ ರೋಗ ಪತ್ತೆಯಾಯಿತು. ರೋಗ ಬಂದ ಜಿಂಕೆ ಬಡಕಲಾಗಿ ಸಾಯುತ್ತದೆ, ಔಷಧ ಇಲ್ಲ. ಮನುಷ್ಯರಿಗೆ ಬಂದದ್ದು ಕಂಡಿಲ್ಲ, ಆದರೂ ರೋಗ ಇರುವ ಮಾಂಸ ತಿನ್ನಬೇಡಿ ಅಂತಾರೆ. ಫಲಿತಾಂಶ ಬರುವವರೆಗೆ ಅವಳ ಮಾಂಸ ಫ್ರೀಜರ್‌ನಲ್ಲೇ ಇರಬೇಕು. ಈ ಕಾಯುವಿಕೆ ಅಜ್ಜನ ಯೌವನದಲ್ಲಿ ಇರಲಿಲ್ಲ.

ಇನ್ನೂ ಒಂದು ಬದಲಾಗಿದೆ. 1990ರಲ್ಲಿ ರಾಜ್ಯದಲ್ಲಿ ಸುಮಾರು 7 ಲಕ್ಷ ಬಂದೂಕು ಲೈಸೆನ್ಸ್ ಹೋಗಿದ್ದವು. ಅಲ್ಲಿಂದ ಇಳಿಯುತ್ತಾ ಬಂದಿದೆ. ಈ ಕ್ಯಾಂಪಿನಲ್ಲಿ ಆಗ ಹನ್ನೊಂದು ಜನ ಮಲಗುತ್ತಿದ್ದರಂತೆ. ಈ ಸಲ, ನನ್ನನ್ನು ಬಿಟ್ಟು, ನಾಲ್ಕೇ. ಖಾಲಿ ಮಂಚಗಳ ಮೇಲೆ ಹೆಸರು ಕೆತ್ತಿದ್ದು ಹಾಗೇ ಇದೆ. ಒಂದು ಮಂಚ ಅಜ್ಜನ ತಮ್ಮನದು. ಅವರು ತೀರಿಕೊಂಡು ಎರಡು ವರ್ಷ. ಅದರ ಮೇಲೆ ಯಾರೂ ಬ್ಯಾಗ್ ಕೂಡ ಇಟ್ಟಿರಲಿಲ್ಲ.

ಬಾಗಿಲ ಪಕ್ಕದ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಸಾಲುಗಳಿವೆ. ವರ್ಷಕ್ಕೆ ಒಂದು. ಯಾರು ಬಂದಿದ್ದರು, ಹಿಮ ಎಷ್ಟಿತ್ತು, ಎಷ್ಟು ಜಿಂಕೆ. ಮೇಲಿನ ಸಾಲುಗಳು ಅಜ್ಜನ ಅಪ್ಪನ ಕೈಬರಹ, ಮಾಸಿಹೋಗಿವೆ. ಅಜ್ಜ ಕನ್ನಡಕ ಹಾಕಿಕೊಂಡು ಬಗ್ಗಿ ಈ ವರ್ಷದ್ದು ಬರೆದರು. ಜಿಂಕೆ ಒಂದು, ಮೊಮ್ಮಗಳ ಮೊದಲನೆಯದು. ಬಂದವರ ಹೆಸರುಗಳ ಕೊನೆಗೆ ನನ್ನ ಹೆಸರು ಬರೆಯಲು ಹೊರಟು, ಅಕ್ಷರ ಹೇಗೆ ಅಂತ ಕೇಳಿದರು. ಒಂದೊಂದಾಗಿ ಹೇಳಿದೆ.

ಎಲ್ಲರೂ ಕಾರಿಗೆ ಸಾಮಾನು ತುಂಬಿದರು. ಅಜ್ಜ ಮಾತ್ರ ಹೊರಗೆ ಸೌದೆ ಸೀಳುತ್ತಿದ್ದರು. ಒಲೆ ಆಗಲೇ ಆರಿತ್ತು. ಇವತ್ತು ಯಾರಿಗೂ ಸೌದೆ ಬೇಕಿರಲಿಲ್ಲ. ಸೀಳಿದ್ದನ್ನು ಒಳಗೆ ತಂದು ಒಲೆಯ ಪಕ್ಕ ನೀಟಾಗಿ ಜೋಡಿಸಿದರು. ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟರು. ಮುಂದಿನ ನವೆಂಬರ್‌ನಲ್ಲಿ ಮೊದಲು ಬಂದವರಿಗೆ ಚಳಿ ಆಗಬಾರದಲ್ಲ ಅಂದರು. ಆಮೇಲೆ ಬೀಗ ಹಾಕಿದರು.

[ದೃಶ್ಯ: ಬೀಗ ಹಾಕಿದ ಬಾಗಿಲು. ಹಿಮ ಮತ್ತೆ ಬೀಳಲು ಶುರು.]