ತಾಳ ಕೆಡಿಸಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಟೈಮ್ ಕಮ್ಮಿ ಇದೆ, ನೇರ ವಿಷಯಕ್ಕೆ ಬರ್ತೀನಿ. ಒಂದಷ್ಟು ವಸ್ತುಗಳು ಒಂದೇ ತಾಳಕ್ಕೆ ಓಡ್ತಿವೆ, ಯಾವುದಕ್ಕೆ ಯಾವುದರ ನಂಟಿದೆ ಅಂತ ಕಣ್ಣಿಗೆ ಕಾಣಲ್ಲ, ಕಂಡುಹಿಡಿಯೋದು ಹೇಗೆ? ತಾಳ ಕೆಡಿಸಿ ನೋಡ್ಬೇಕು. ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟೇ.

1665ರ ಫೆಬ್ರವರಿ. ಪೆಂಡುಲಮ್ ಗಡಿಯಾರ ಕಂಡುಹಿಡಿದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಹುಷಾರಿಲ್ದೆ ಮನೇಲಿ ಮಲಗಿದ್ರು, ಕಣ್ಣೆದುರಿಗೆ ಹಡಗಿನಲ್ಲಿ ಬಳಸೋಕೆ ಅಂತ ಮಾಡಿಸಿದ್ದ ಎರಡು ಗಡಿಯಾರ. ನೋಡ್ತಾರೆ, ಒಂದರ ಪೆಂಡುಲಮ್ ಎಡಕ್ಕೆ ಹೋದ್ರೆ ಇನ್ನೊಂದರದ್ದು ಬಲಕ್ಕೆ, ಕೂದಲೆಳೆ ವ್ಯತ್ಯಾಸ ಇಲ್ಲ! ಬೇಕಂತಲೇ ಕದಡಿದ್ರು, ಅರ್ಧ ಗಂಟೇಲಿ ಮತ್ತೆ ಅದೇ ತಾಳ. ಗಾಳಿಯಿಂದ ಇರ್ಬೇಕು ಅಂತ ಮಧ್ಯೆ ಅಡ್ಡ ಹಲಗೆ ಇಟ್ರು, ಊಹೂಂ. ದೂರ ದೂರ ನೇತುಹಾಕಿದ್ರು, ದಿನಕ್ಕೆ 5 ಸೆಕೆಂಡ್ ಹೆಚ್ಚುಕಮ್ಮಿ ಆಗೋಕೆ ಶುರುವಾಯ್ತು. ಸರಿ, ತೊಲೆಗೆ ಕಟ್ಟಿ, ತೊಲೆಗಳನ್ನ ಎರಡು ಕುರ್ಚಿ ಮೇಲೆ ಕೂರಿಸಿದ್ರು, ಇಲ್ಲೇ ನೋಡಿ ಮಜಾ, ತಾಳ ಕೆಟ್ಟಿರೋವರೆಗೂ ಕುರ್ಚಿ ಗಡಗಡ ಅಲ್ಲಾಡ್ತಿತ್ತು, ತಾಳ ಕೂಡಿದ ತಕ್ಷಣ ಗಪ್‌ಚುಪ್! ಯಾಕಂದ್ರೆ ಎದುರುಬದುರು ತೂಗುವಾಗ ಒಂದು ತಳ್ಳಿದ್ದನ್ನ ಇನ್ನೊಂದು ಅಳಿಸಿಬಿಡುತ್ತೆ. ನಂಟು ಇದ್ದಿದ್ದು ತೊಲೆಯ ಮರದಲ್ಲಿ, ಆದ್ರೆ ಕೆಡಿಸ್ದೆ ಅದು ಬಾಯಿ ಬಿಡ್ಲಿಲ್ಲ.

ಅಯ್ಯೋ, ಕಥೆನೇ ಅರ್ಧ ಟೈಮ್ ತಿಂತು. ಬೇಗ ಹೇಳ್ತೀನಿ. 2007ರಲ್ಲಿ ಜರ್ಮನಿಯ ಭೌತವಿಜ್ಞಾನಿ ಮಾರ್ಕ್ ಟಿಮ್ಮೆ ಇದನ್ನೇ ಗಣಿತ ಮಾಡಿದ್ರು, ಒಂದೊಂದನ್ನೇ ಸ್ವಲ್ಪ ನೂಕಿ, ಉಳಿದವು ಎಷ್ಟೆಷ್ಟು ಸರಿದ್ವು ಅಂತ ಅಳೆದ್ರೆ ಯಾರಿಗೆ ಯಾರ ಜೋಡಣೆ ಅಂತ ಲೆಕ್ಕ ಹಾಕಿ ತೆಗೀಬಹುದು.

ನಮ್ಮ ಕರೆಂಟೂ ಹಾಗೇ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೋಲಾಪುರ ಲೈನ್ ಸೇರಿಸಿದ ಮೇಲೆ ದೇಶಕ್ಕೆಲ್ಲ ಒಂದೇ 50 ಹರ್ಟ್ಸ್ ತಾಳ, ಅಂದ್ರೆ ಸೆಕೆಂಡಿಗೆ 50 ಸುತ್ತು. ಎಲ್ಲಾ ಸರಿಯಿದ್ದಾಗ ಯಾವೂರಿನ ಮೀಟರ್ ನೋಡಿದ್ರೂ ಒಂದೇ, ಏನೂ ಗೊತ್ತಾಗಲ್ಲ, ಎಲ್ಲೋ ಒಂದು ದೊಡ್ಡ ಜನರೇಟರ್ ಟ್ರಿಪ್ ಆದಾಗ ತಾಳದ ಆ ಕುಸಿತ ಯಾವೂರಿಗೆ ಮೊದಲು ಬಂತು, ಯಾವೂರಿಗೆ ಆಮೇಲೆ ಅಂತ ನೋಡಿ, ಆಗ ನಂಟು ತಿಳಿಯುತ್ತೆ.

ಇನ್ನು ಮೆದುಳು. ಸ್ಕ್ಯಾನಲ್ಲಿ ಎರಡು ಜಾಗ ಒಟ್ಟಿಗೆ ಏರಿಳಿದ್ರೆ ಸಾಕು, ಅಲ್ಲೊಂದು ತಂತಿ ಇದೆ ಅಂದುಬಿಡ್ತಾರೆ, ನಂಗೆ ತಡಿಯೋಕಾಗಲ್ಲ. ಮೂರನೇದೊಂದು ಎರಡಕ್ಕೂ ತಾಳ ಹಾಕ್ತಿರ್ಬಹುದಲ್ವಾ! ಅದಕ್ಕೇ ತಲೆ ಹೊರಗಡೆ ಅಯಸ್ಕಾಂತದ ಸುರುಳಿ ಹಿಡಿದು ಒಂದು ಜಾಗ ಕೆಣಕಿ, ಎಷ್ಟು ಮಿಲಿಸೆಕೆಂಡಿಗೆ ಯಾವ ಜಾಗ ಮಿಡೀತು ಅಂತ ಇಇಜಿಯಲ್ಲಿ, ಅಂದ್ರೆ ಮೆದುಳಿನ ವಿದ್ಯುತ್ ಮಿಡಿತ ಅಳೆಯೋ ಯಂತ್ರದಲ್ಲಿ, ಬರೆದುಕೊಳ್ಳೋರಿದ್ದಾರೆ, ಕೆಲಸ ಅಂದ್ರೆ ಅದು. ಟೈಮ್ ಮುಗೀತು ಅಂತ ದೀಪ ತೋರಿಸ್ತಿದ್ದಾರೆ, ನಮಸ್ಕಾರ.